ಹಾರ ಬದಲಾಯಿಸುವ ಫೋಟೊಗೆ ಲೈಕ್ ಕೊಡುವ ಮೊದಲು

1/6

ಪ್ರತಿ ಪೋಸ್ಟಿನ ಕೊನೆಗೆ "ಸೇವ್ ಮಾಡ್ಕೊಳ್ಳಿ, ನಾಲ್ಕು ಜನಕ್ಕೆ ಕಳಿಸಿ" ಅಂತ ಬರೀತೇನೆ. ಇವತ್ತು ಬರೆಯುವುದಿಲ್ಲ. ನಿಮ್ಮ ಫೋನಿನ ಪಾಸ್‌ವರ್ಡ್ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತುಂಟು ಅಂತಾದ್ರೆ ಇದನ್ನು ಸೇವ್ ಮಾಡಬೇಡಿ, ಲೈಕ್ ಕೂಡ ಬೇಡ. ಓದಿ, ಮುಚ್ಚಿಡಿ. ಎರಡು ನಂಬರು ಮಾತ್ರ ಬಾಯಿಪಾಠ ಮಾಡಿ. 15100 ಉಚಿತ ಕಾನೂನು ನೆರವಿಗೆ, 181 ಮಹಿಳಾ ಸಹಾಯವಾಣಿ. ಈಗಲೇ ಹೊಡೀತಾ ಇದ್ದಾನೆ ಅಂದ್ರೆ 112.

ಈಗ ವಿಷಯಕ್ಕೆ ಬರ್ತೇನೆ. ಲೋಕ ಅದಾಲತ್ ಆದ ಮರುದಿನ ಪೇಪರಿನಲ್ಲಿ ಒಂದು ಫೋಟೊ ಬರ್ತದಲ್ಲ, ನೀವೂ ನೋಡಿರ್ತೀರಿ. ಗಂಡ ಹೆಂಡತಿ ಹಾರ ಹಾಕಿಕೊಂಡು ನಿಂತಿರ್ತಾರೆ. ಎಡಬಲದಲ್ಲಿ ನ್ಯಾಯಾಧೀಶರು, ವಕೀಲರು. ಯಾರದ್ದೋ ಕೈಯಲ್ಲಿ ಸ್ವೀಟ್ ಬಾಕ್ಸ್. "ಮತ್ತೆ ಒಂದಾದ ದಂಪತಿ" ಅಂತ ತಲೆಬರಹ. ನಮ್ಮ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಅದು ಎರಡು ದಿನ ಓಡ್ತದೆ, ಕೆಳಗೆ ಸಾಲುಸಾಲು ಕೈಮುಗಿಯುವ ಚಿತ್ರ.

ಎಲ್ಲಾ ಜಗಳವೂ ಕೋರ್ಟಿನಲ್ಲೇ ಮುರಿದು ಬೀಳಬೇಕು ಅಂತ ನಾನು ಹೇಳುವುದಿಲ್ಲ. ಅತ್ತೆ ಜೊತೆ ಆಗುವುದಿಲ್ಲ, ಬೇರೆ ಮನೆ ಬೇಕು, ಅವನು ಬೆಂಗಳೂರಿನಲ್ಲಿ, ಇವಳು ಊರಲ್ಲಿ, ದುಡ್ಡಿನ ತಾಪತ್ರಯ. ಇಂಥದ್ದು ಕೂತು ಮಾತಾಡಿದರೆ ಸರಿ ಹೋಗ್ತದೆ, ಹೋಗಿದ್ದನ್ನು ಕಂಡಿದ್ದೇನೆ. ಆದರೆ ಆ ಫೋಟೊ ನೋಡಿದರೆ ಯಾವ ಜೋಡಿಯದ್ದು ಬೇರೆ ಮನೆಯ ಜಗಳ, ಯಾವ ಜೋಡಿಯಲ್ಲಿ ಅವಳ ತಲೆಗೆ ಹೊಲಿಗೆ ಬಿದ್ದಿತ್ತು ಅಂತ ಗೊತ್ತಾಗುವುದಿಲ್ಲ. ಹಾರ ಎರಡಕ್ಕೂ ಒಂದೇ. ಆರು ತಿಂಗಳು ಬಿಟ್ಟು ಅದೇ ಮನೆಗೆ ಹೋಗಿ "ಈಗ ಹೇಗಿದ್ದೀರಿ" ಅಂತ ಕೇಳಿ ಫೋಟೊ ಹಾಕಿದ ಪೇಪರ್ ನಾನಂತೂ ನೋಡಲಿಲ್ಲ.

ಇದೆಲ್ಲ ಎಲ್ಲೋ ದೂರದ ಸಂಗತಿ ಅಂತ ಅನ್ನಿಸಿದ್ರೆ ಒಂದು ಲೆಕ್ಕ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನಲ್ಲಿ ಕರ್ನಾಟಕದ 18ರಿಂದ 49 ವರ್ಷದ, ಮದುವೆಯಾದ ಹೆಂಗಸರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಆಗಿದೆ ಎಂದು ಹೇಳಿದರು. ಅದರ ಹಿಂದಿನ ಸುತ್ತಿನಲ್ಲಿ ಅದು ಶೇ. 20.6 ಇತ್ತು. ದೇಶದ ರಾಜ್ಯಗಳಲ್ಲೆಲ್ಲ ಹೆಚ್ಚು ನಮ್ಮದೇ. ಇನ್ನು ದೇಶದ ಲೆಕ್ಕದಲ್ಲಿ, ಹಿಂಸೆ ಅನುಭವಿಸಿದವರ ಪೈಕಿ ಯಾರ ಹತ್ತಿರವಾದರೂ ಸಹಾಯ ಕೇಳಿದವರು ಶೇ. 14 ಮಾತ್ರ. ಹಾಗೆ ಕೇಳಿದವರೂ ಹೆಚ್ಚಾಗಿ ಕೇಳಿದ್ದು ತಮ್ಮ ಮನೆಯವರನ್ನು. ಪೊಲೀಸು, ವಕೀಲರು, ಕೋರ್ಟು ಇವೆಲ್ಲ ಬಹಳ ಹಿಂದೆ. ಅಂದ್ರೆ ಕೋರ್ಟಿನ ಮೆಟ್ಟಿಲು ಹತ್ತಿದವಳು ಜಗಳಗಂಟಿ ಆಗಿ ಹತ್ತಿದ್ದಲ್ಲ. ಉಳಿದ ಬಾಗಿಲೆಲ್ಲ ತಟ್ಟಿ ಆದ ಮೇಲೆ ಹತ್ತಿದ್ದು. ಅಲ್ಲಿ ಮತ್ತೆ ಅವಳಿಗೆ "ಹೊಂದ್ಕಂಡ್ ಹೋಯ್ಕ್ ಮಗಾ" ಅಂತ ಹೇಳುವುದಾದರೆ ಕೋರ್ಟಿಗೂ ನಮ್ಮ ಮನೆ ಜಗಲಿಗೂ ಎಂತ ವ್ಯತ್ಯಾಸ?

2/6

ಡಿಎಂನಲ್ಲಿ ಬರುವ ಮೊದಲ ಪ್ರಶ್ನೆ ಯಾವಾಗಲೂ ಇದೇ: "ಅಕ್ಕ, ಫ್ಯಾಮಿಲಿ ಕೋರ್ಟಿಗೆ ಹೋಗಬೇಕಾ?"

ಹೊಡೆತದಿಂದ ತಪ್ಪಿಸಿಕೊಂಡು ಬಂದವಳು ಮೊದಲು ಹೋಗಬೇಕಾದ್ದು ಹೆಚ್ಚಾಗಿ ಅಲ್ಲಿಗಲ್ಲ. ಫ್ಯಾಮಿಲಿ ಕೋರ್ಟು ಇರುವುದು ವಿಚ್ಛೇದನ, ಮಕ್ಕಳು ಯಾರ ಹತ್ತಿರ, ಜೀವನಾಂಶ ಇಂಥದ್ದಕ್ಕೆ. ಇವತ್ತು ರಾತ್ರಿ ಅವನು ಮನೆ ಬಾಗಿಲಿಗೆ ಬರಬಾರದು ಅನ್ನುವುದಕ್ಕೆ ಇರುವುದು ಬೇರೆ ಕಾಯ್ದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005. ಎಲ್ಲರೂ ಡಿವಿ ಆ್ಯಕ್ಟ್ ಅಂತಾರೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ಅರ್ಜಿ ಹೋಗುವುದು ಮ್ಯಾಜಿಸ್ಟ್ರೇಟರ ಕೋರ್ಟಿಗೆ, ಅಂದ್ರೆ ಜೆಎಂಎಫ್‌ಸಿಗೆ. ವಿಚ್ಛೇದನ ಬೇಕು ಅಂತ ಕೇಳಬೇಕಾಗಿಲ್ಲ. ಹತ್ತಿರ ಬರಬೇಡ ಅಂತ ರಕ್ಷಣಾ ಆದೇಶ, ಮನೆಯಿಂದ ಹೊರಗೆ ಹಾಕಬೇಡ ಅಂತ ವಾಸದ ಆದೇಶ, ಖರ್ಚಿಗೆ ಹಣ, ಮಗು ತಾತ್ಕಾಲಿಕವಾಗಿ ನಿಮ್ಮ ಹತ್ತಿರ ಇರುವ ಆದೇಶ, ಪರಿಹಾರ, ಎಲ್ಲಾ ಒಂದೇ ಅರ್ಜಿಯಲ್ಲಿ ಕೇಳಬಹುದು. ತುರ್ತು ಇದ್ದರೆ ಅವನನ್ನು ಕರೆಸುವ ಮೊದಲೇ ಮಧ್ಯಂತರ ಆದೇಶ ಕೊಡುವ ಅಧಿಕಾರ 23ನೇ ಕಲಂನಲ್ಲಿ ಉಂಟು. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದೇಶದ ಪ್ರತಿ ನಿಮಗೆ ಪುಕ್ಕಟೆ ಕೊಡಬೇಕು, ಕೇಳಿ ತಗೊಳ್ಳಿ. ಅದರ ಒಂದು ಜೆರಾಕ್ಸ್ ಬ್ಲೌಸ್ ಪೀಸಿನ ಅಡಿಯಲ್ಲಿ ಅಲ್ಲ, ನಂಬಿಕೆಯ ಒಬ್ಬರ ಮನೆಯಲ್ಲಿ ಇರಲಿ.

ಇನ್ನೊಂದು. ಮದುವೆ ಆಗಿ ಹೋದದ್ದು ಬೆಂಗಳೂರಿಗೋ ಪುಣೆಗೋ, ಹೊಡೆದದ್ದೂ ಅಲ್ಲೇ, ಈಗ ನೀವು ಕೊಕ್ಕರ್ಣೆಯ ತವರಿನಲ್ಲಿ ಇದ್ದೀರಿ. ಕೇಸ್ ಹಾಕಲು ಅಲ್ಲಿಗೇ ಹೋಗಬೇಕು ಅಂತ ಯಾರೋ ಹೆದರಿಸ್ತಾರೆ. ಸುಳ್ಳು. ನೀವು ತಾತ್ಕಾಲಿಕವಾಗಿ ಇರುವ ಜಾಗದ ವ್ಯಾಪ್ತಿಯ ಕೋರ್ಟಿನಲ್ಲೇ ಡಿವಿ ಅರ್ಜಿ ಹಾಕಬಹುದು. ಹಿಂದೂ ವಿವಾಹ ಕಾಯ್ದೆಯ ಕೇಸನ್ನೂ ಹೆಂಡತಿ ತಾನಿರುವ ಕಡೆ ಹಾಕಬಹುದು, 2003ರ ತಿದ್ದುಪಡಿಯಿಂದ.

ರಕ್ಷಣಾಧಿಕಾರಿ ಅಂತ ಒಬ್ಬರು ಇರಬೇಕು ಅಂತ ಕಾಯ್ದೆ ಹೇಳ್ತದೆ. ನಮ್ಮ ರಾಜ್ಯದಲ್ಲಿ ಆ ಕೆಲಸವನ್ನು ಕೊಟ್ಟದ್ದು ಸಿಡಿಪಿಒಗಳಿಗೆ, ಅಂದ್ರೆ ಅಂಗನವಾಡಿ ನೋಡಿಕೊಳ್ಳುವ ಆಫೀಸಿನವರಿಗೆ. ಅಂಗನವಾಡಿ, ಪೋಷಣ್, ಚುನಾವಣೆ ಡ್ಯೂಟಿ ಎಲ್ಲಾ ಮುಗಿಸಿ ಅವರು ನಿಮ್ಮ ಘಟನಾ ವರದಿ ಬರೀಬೇಕು. ಒಬ್ಬರ ತಲೆ ಮೇಲೆ ಇಷ್ಟು ಹೊರೆ ಇಟ್ಟು "ಕಾಯ್ದೆ ಇದೆಯಲ್ಲ" ಅನ್ನುವುದು ಸರ್ಕಾರದ ಜಾಣತನ. ಆದರೂ ಹೋಗಿ, ಬರೆಸಿ. ವರದಿ ಬರಲಿಲ್ಲ ಅಂತ ಕೇಸ್ ನಿಲ್ಲುವುದಿಲ್ಲ. ಆ ವರದಿ ಇಲ್ಲದೆಯೂ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು ಅಂತ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಹೇಳಿದೆ.

ವಕೀಲರಿಗೆ ದುಡ್ಡಿಲ್ಲ ಅಂದ್ರೆ? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. ಹೆಣ್ಣು ಅನ್ನುವುದೇ ಅರ್ಹತೆ. ಉಡುಪಿಯಲ್ಲಿ ಜಿಲ್ಲಾ ಪ್ರಾಧಿಕಾರ, ಕುಂದಾಪುರದಲ್ಲಿ ತಾಲೂಕು ಸಮಿತಿ. "ಫ್ರೀ ವಕೀಲರು ಸರಿ ಇರುವುದಿಲ್ಲ" ಅಂತ ಹೇಳುವವರು ಬಹಳ. ಕೆಲವರು ಸರಿ ಇರುವುದಿಲ್ಲ, ಹೌದು. ದುಡ್ಡು ಕೊಟ್ಟ ವಕೀಲರಲ್ಲಿಯೂ ಕೆಲವರು ಸರಿ ಇರುವುದಿಲ್ಲ. ಫ್ರೀ ವಕೀಲರನ್ನು ಬದಲಾಯಿಸಿ ಕೊಡಿ ಅಂತ ಬರೆದು ಕೇಳಬಹುದು; ಮುಂಗಡ ತಗೊಂಡವರನ್ನು ಬದಲಾಯಿಸಲು ಹೊರಟರೆ ಆ ದುಡ್ಡೂ ಹೋಯ್ತು.

3/6

ಗಂಡನ ಕಡೆಯಿಂದ ಮೊದಲು ಬರುವ ಬಾಣ ಹೆಚ್ಚಾಗಿ ಒಂದು ನೋಟಿಸು. "ಸಕಾರಣ ಇಲ್ಲದೆ ನನ್ನನ್ನು ಬಿಟ್ಟು ಹೋಗಿದ್ದಾಳೆ, ವಾಪಸ್ ಬಂದು ಬಾಳಬೇಕು." ದಾಂಪತ್ಯ ಹಕ್ಕುಗಳ ಪುನರ್‌ಸ್ಥಾಪನೆ ಅಂತ ಅದರ ಹೆಸರು, ಹಿಂದೂ ವಿವಾಹ ಕಾಯ್ದೆಯ 9ನೇ ಕಲಂ. ಅಮೀನರು ಅದನ್ನು ಹಿಡಿದುಕೊಂಡು ಮನೆ ಅಂಗಳಕ್ಕೆ ಬಂದರೆ ತವರಿನವರ ಕೈಕಾಲು ನಡುಗ್ತದೆ. ಪೊಲೀಸರು ಬಂದು ಎಳಕೊಂಡು ಹೋಗ್ತಾರಾ ಅಂತ ಒಬ್ಬರು ರಾತ್ರಿ ಹನ್ನೊಂದಕ್ಕೆ ನನಗೆ ಮೆಸೇಜ್ ಮಾಡಿದ್ದರು.

ಇಲ್ಲ. ಕೋರ್ಟು ಆ ಡಿಕ್ರಿ ಕೊಟ್ಟರೂ ನಿಮ್ಮನ್ನು ಯಾರೂ ಹಿಡಿದು ಕರಕೊಂಡು ಹೋಗಿ ಅವನ ಮನೆಯಲ್ಲಿ ಬಿಡಲು ಆಗುವುದಿಲ್ಲ. ಡಿಕ್ರಿ ಪಾಲಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಜೀವನಾಂಶ ತಪ್ಪಿಸುವ ಹಾಗಿಲ್ಲ, ಹೋಗದೆ ಇರಲು ಸರಿಯಾದ ಕಾರಣ ಇದ್ದರೆ ಸಿಗ್ತದೆ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನೋಟಿಸನ್ನು ತಗೊಳ್ಳದೆ ವಾಪಸ್ ಕಳಿಸಬೇಡಿ. ನೀವು ಬಾರದೆ ಇದ್ದರೆ ಕೇಸ್ ನಿಲ್ಲುವುದಿಲ್ಲ, ಅವನು ಹೇಳಿದ್ದೇ ನಿಜ ಅಂತ ಆಗ್ತದೆ. ಹೋಗಿ, ವಕಾಲತ್ತು ಹಾಕಿಸಿ, ಡಿವಿ ಕಾಯ್ದೆಯ 26ನೇ ಕಲಂ ಪ್ರಕಾರ ರಕ್ಷಣೆ, ವಾಸ, ಹಣ ಇವನ್ನು ಅದೇ ಫ್ಯಾಮಿಲಿ ಕೋರ್ಟಿನಲ್ಲಿ ಕೇಳಿ. ಅವನೇ ಕರೆದ ಕೋರ್ಟು, ನಿಮ್ಮ ಮಾತನ್ನೂ ಕೇಳಬೇಕು.

ಹಾಗೆ ಹೋದ ದಿನ ಎದುರಾಗುವುದು ರಾಜಿ.

ಮೊದಲು ಊರಿನ ರಾಜಿ. ಗುರಿಕಾರರು, ಎರಡೂ ಕಡೆಯ ಮಾವಂದಿರು, ಪಂಚಾಯ್ತಿ ಮೆಂಬರು. ಚಾವಡಿಯಲ್ಲಿ ಎಲ್ಲಾ ಗಂಡಸರು, ಅವಳು ಬಾಗಿಲ ಮರೆಯಲ್ಲಿ. "ಅವನು ಕುಡಿದಾಗ ಹಾಗೆ, ಇಲ್ಲದಿದ್ರೆ ಚಿನ್ನದಂಥ ಗಂಡು." ದೇವಸ್ಥಾನಕ್ಕೆ ಕರಕೊಂಡು ಹೋಗಿ ತಪ್ಪು ಕಾಣಿಕೆ ಹಾಕಿಸ್ತಾರೆ. ನನಗೆ ದೇವರ ಮೇಲೆ ಭಕ್ತಿ ಕಡಿಮೆ ಏನಿಲ್ಲ. ಆದರೆ ಹುಂಡಿಗೆ ಹಾಕಿದ ತಪ್ಪು ಕಾಣಿಕೆಯ ಪ್ರತಿ ಕೋರ್ಟಿನಲ್ಲಿ ಸಿಗುವುದಿಲ್ಲ, ಬರೆದುಕೊಟ್ಟ ಮುಚ್ಚಳಿಕೆಯದ್ದು ಸಿಗ್ತದೆ. ನಂತರ ಸ್ಟೇಷನ್ ರಾಜಿ. ದೂರು ಕೊಡಲು ಹೋದರೆ ಅವನನ್ನೂ ಕರೆಸಿ ಇಬ್ಬರಿಗೂ ಬುದ್ಧಿ ಹೇಳಿ ಕಳಿಸುವುದು. ದೂರಿಗೆ ಹಿಂಬರಹ ಕೊಡಿ ಅಂತ ಕೇಳಿ. ಆ ಚೀಟಿಯೇ ಮುಂದೆ ತಾರೀಕು ಹೇಳುವ ಸಾಕ್ಷಿ. ಆಮೇಲೆ ಕೋರ್ಟಿನ ಆಪ್ತಸಮಾಲೋಚನೆ, ಮಧ್ಯಸ್ಥಿಕೆ ಕೇಂದ್ರ, ಕೊನೆಗೆ ಲೋಕ ಅದಾಲತ್. ಇಷ್ಟು ಕಡೆ "ಹೊಂದಿಕೊಳ್ಳಿ" ಅಂತ ಕೇಳಿ ಬಂದವಳಿಗೆ ಕಟಕಟೆ ಹತ್ತುವಾಗ ತಾನೇ ಅಪರಾಧಿ ಅಂತ ಅನ್ನಿಸಿಬಿಟ್ಟಿರ್ತದೆ.

"ಕಾನೂನೇ ರಾಜಿ ಮಾಡಿ ಅಂತ ಹೇಳ್ತದೆ" ಅಂತಾರೆ. ಪೂರ್ತಿ ಓದಿ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಂ ರಾಜಿಗೆ ಪ್ರಯತ್ನಿಸಬೇಕು ಅನ್ನುವುದು ನಿಜ. ಆದರೆ ಪ್ರಕರಣದ ಸ್ವರೂಪಕ್ಕೆ, ಸನ್ನಿವೇಶಕ್ಕೆ ಹೊಂದುವುದಾದರೆ ಮಾತ್ರ ಅನ್ನುವ ಷರತ್ತು ಅದೇ ವಾಕ್ಯದಲ್ಲಿ ಉಂಟು. ಕೈ ಮುರಿದದ್ದು ಯಾವ ಸ್ವರೂಪದ ಪ್ರಕರಣ ಅಂತ ನಾನು ಬೇರೆ ಹೇಳಬೇಕಾ? ಇನ್ನು ಡಿವಿ ಕಾಯ್ದೆಯ 2006ರ ನಿಯಮಗಳಲ್ಲಿ 14ನೆಯದ್ದು ಬರೀ ಸಮಾಲೋಚನೆ ಬಗ್ಗೆಯೇ ಉಂಟು. ಅದನ್ನು ನಾನು ಮೊದಲ ಸಲ ಓದಿದಾಗ ನಂಬಲಿಕ್ಕೇ ಆಗಲಿಲ್ಲ, ಅಷ್ಟು ಚೆನ್ನಾಗಿ ಬರೆದಿದ್ದಾರೆ. ಹೊಡೆದದ್ದಕ್ಕೆ ಸಮರ್ಥನೆ ಕೊಡಲು ಆ ಕೋಣೆಯಲ್ಲಿ ಅವಕಾಶ ಇಲ್ಲ. "ಅವಳು ಎದುರು ಮಾತಾಡಿದ್ಳು, ಅದಕ್ಕೇ" ಅನ್ನುವ ಮಾತನ್ನು ಸಮಾಲೋಚಕರು ಕೇಳಿಕೊಂಡು ಕೂರುವ ಹಾಗೇ ಇಲ್ಲ. ಇನ್ನು ಮುಂದೆ ಹಿಂಸೆ ಮಾಡುವುದಿಲ್ಲ ಅಂತ ಅವನು ಮುಚ್ಚಳಿಕೆ ಕೊಡಬೇಕು. ನಿಮ್ಮನ್ನು ಸಮಾಲೋಚನೆಗೆ ಕರೆದ ದಿನ ಇದೊಂದು ಕೇಳಿ: "ನಿಯಮ 14ರ ಪ್ರಕಾರ ಅವರ ಮುಚ್ಚಳಿಕೆ ಬರೆಸಿದ್ದೀರಾ?" ಜೋರು ಮಾಡಬೇಡಿ, ಮೆಲ್ಲ ಕೇಳಿ. ಕೋಣೆಯ ಗಾಳಿಯೇ ಬದಲಾಗ್ತದೆ.

ಅವನ ಪಕ್ಕ ಕೂತು ಮಾತಾಡಲು ಹೆದರಿಕೆ ಆದರೆ ಬೇರೆ ಬೇರೆ ಕೂರಿಸಿ ಮಾತಾಡಿಸಿ ಅಂತ ಒಂದು ಅರ್ಜಿ ಕೊಡಿ. ಎಲ್ಲರೆದುರು ಹೇಳಲಾಗದ ಸಂಗತಿ ಇದ್ದರೆ ವಿಚಾರಣೆ ಗುಪ್ತವಾಗಿ ನಡೆಯಲಿ ಅಂತ ಕೇಳಲು ಎರಡೂ ಕಾಯ್ದೆಯಲ್ಲಿ ದಾರಿ ಉಂಟು.

ನನ್ನ ಮಟ್ಟಿಗೆ, ಹಿಂಸೆ ಇದ್ದ ಕೇಸುಗಳನ್ನು ರಾಜಿಯ ಲೆಕ್ಕದಿಂದಲೇ ಹೊರಗಿಡಬೇಕು. ಅದಾಲತ್‌ನಲ್ಲಿ ಇಷ್ಟು ಜೋಡಿ ಒಂದಾಯ್ತು ಅನ್ನುವ ಸಂಖ್ಯೆ ದೊಡ್ಡದಾದಷ್ಟೂ ಸಾಧನೆ ಅಂತ ಎಣಿಸುವ ಪದ್ಧತಿ ಇರುವವರೆಗೆ, ಆ ಸಂಖ್ಯೆಯೊಳಗೆ ಯಾರು ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಯಾರೂ ನೋಡುವುದಿಲ್ಲ. ಒಂದಾಗಬೇಕು ಅಂತ ಅವಳಿಗೇ ಇದ್ದರೆ? ಇರ್ತದೆ, ಮಕ್ಕಳ ಮುಖ ನೋಡಿ ಇರ್ತದೆ. ಆಗಲಿ. ಆದರೆ ಕೇಸನ್ನು ವಾಪಸ್ ತೆಗೆದು ಹೋಗಬೇಡಿ. ರಕ್ಷಣಾ ಆದೇಶ ಕೈಯಲ್ಲಿ ಇಟ್ಟುಕೊಂಡೇ ಹೋಗಿ. ಅದಕ್ಕೂ ಒಪ್ಪದ ಗಂಡ ಎಂತಕ್ಕೆ ಕರೀತಿದ್ದಾನೆ ಅಂತ ನೀವೇ ಯೋಚನೆ ಮಾಡಿ.

4/6

ತಾರೀಕಿನ ಬಗ್ಗೆ ಬರೆಯದೆ ಇದ್ದರೆ ಇದು ಪೂರ್ತಿ ಆಗುವುದಿಲ್ಲ.

ಕೊಕ್ಕರ್ಣೆಯಿಂದ ಪೇತ್ರಿ ಮೇಲೆ ಬ್ರಹ್ಮಾವರ, ಅಲ್ಲಿಂದ ಉಡುಪಿ. ಮಗುವನ್ನು ಶಾಲೆಗೆ ಕಳಿಸಿ ಹೊರಟು ಹನ್ನೊಂದರೊಳಗೆ ಕೋರ್ಟಿನಲ್ಲಿ ಇರಬೇಕು. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂತು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಸಂತೋಷ. ಆದರೆ ನಮ್ಮ ಕಡೆ ಓಡುವುದು ಹೆಚ್ಚಿನದ್ದೂ ಪ್ರೈವೇಟ್ ಬಸ್ಸು. ಹಾಗಾಗಿ ಹೋಗುವಾಗಲೂ ಬರುವಾಗಲೂ ದುಡ್ಡು. ಗೇರುಬೀಜ ಫ್ಯಾಕ್ಟರಿಗೆ ಹೋಗುವವಳಾದರೆ ಆ ದಿನದ ಸಂಬಳ ಹೋಯ್ತು. ಬೀಡಿ ಕಟ್ಟುವವಳಾದರೆ ಆ ದಿನದ ಬೀಡಿ ಹೋಯ್ತು. ಇಷ್ಟೆಲ್ಲ ಆಗಿ, ಹೆಸರು ಕೂಗಿದಾಗ ಒಳಗೆ ಹೋದರೆ, ಎದುರು ಕಡೆ ವಕೀಲರಿಗೆ ಜ್ವರ. ಮುಂದಿನ ತಾರೀಕು. ಎರಡು ನಿಮಿಷ.

ನನ್ನದೂ ಒಂದು ಕೇಸ್ ಇತ್ತು. ಯಾವ ಊರಿನ ಕೋರ್ಟು ಅಂತ ಬೇಡ. ಅಲ್ಲಿ ವೆರಾಂಡದಲ್ಲಿ ಇದ್ದದ್ದು ಒಂದೇ ಉದ್ದ ಬೆಂಚು. ಆ ತುದಿಯಲ್ಲಿ ಅವನು, ಅವನ ಅಣ್ಣ, ಭಾವ. ಈ ತುದಿಯಲ್ಲಿ ನಾನು, ಅಮ್ಮ. ಅವನು ಒಂದು ಮಾತೂ ಆಡುತ್ತಿರಲಿಲ್ಲ. ಸುಮ್ಮನೆ ಕೀ ಬಂಚ್ ತಿರುಗಿಸ್ತಾ ಕೂರುತ್ತಿದ್ದ. ಮನೆಯಲ್ಲಿ ಬೆಲ್ಟ್ ತೆಗೆಯುವ ಮೊದಲು ಹಾಗೆ ತಿರುಗಿಸ್ತಿದ್ದ ಅಂತ ಗೊತ್ತಿದ್ದದ್ದು ಆ ಕಟ್ಟಡದಲ್ಲಿ ನನಗೊಬ್ಬಳಿಗೇ. ಆಮೇಲೆ ಒಳಗೆ ಹೋಗಿ ಸ್ಪಷ್ಟವಾಗಿ ಸಾಕ್ಷಿ ಹೇಳಬೇಕು, ತಡವರಿಸಿದರೆ ಪಾಟಿಸವಾಲಿನಲ್ಲಿ ಸುಳ್ಳುಗಾತಿ. ಹೊಸ ಕೋರ್ಟು ಕಟ್ಟಡಕ್ಕೆ ಗ್ರಾನೈಟ್ ಹಾಕುವ ದುಡ್ಡಿನಲ್ಲಿ ಹೆಂಗಸರಿಗೆ ಬಾಗಿಲು ಇರುವ ಒಂದು ಕಾಯುವ ಕೋಣೆ ಮಾಡಬಹುದು. ಇದು ದೊಡ್ಡ ಸುಧಾರಣೆ ಅಲ್ಲ. ಒಂದು ಕೋಣೆ, ಅಷ್ಟೇ.

ಕಾಗದದ ಮೇಲೆ ಡಿವಿ ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ. ಆ ಮೊದಲ ತಾರೀಕಿನಿಂದ 60 ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕು. ಓದಿ ನಗಬೇಡಿ, ಕಾಯ್ದೆಯಲ್ಲೇ ಹಾಗೆ ಉಂಟು. ಜೀವನಾಂಶದ ಒಂದು ಅರ್ಜಿ ಫ್ಯಾಮಿಲಿ ಕೋರ್ಟಿನಲ್ಲಿ ಒಂಬತ್ತು ವರ್ಷ ಎಳೆದದ್ದನ್ನು ನೋಡಿ ಸುಪ್ರೀಂ ಕೋರ್ಟೇ 2014ರಲ್ಲಿ ಭುವನ್ ಮೋಹನ್ ಸಿಂಗ್ ಪ್ರಕರಣದಲ್ಲಿ ಬೇಸರ ಮಾಡಿಕೊಂಡಿತ್ತು. ಒಂಬತ್ತು ವರ್ಷ ಅಂದ್ರೆ ಅಂಗನವಾಡಿಗೆ ಹೋಗುತ್ತಿದ್ದ ಮಗು ಹೈಸ್ಕೂಲಿಗೆ ಬರ್ತದೆ.

ಇದಕ್ಕೆ ನೀವು ಮಾಡಬಹುದಾದ್ದು ಸಣ್ಣ ಸಣ್ಣದ್ದು. ಈ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸಿನ ಸಿಎನ್‌ಆರ್ ನಂಬರು ಹಾಕಿದರೆ ಮುಂದಿನ ತಾರೀಕು, ಹಿಂದೆ ಎಂತ ಆಯ್ತು ಎಲ್ಲಾ ಕಾಣ್ತದೆ. ವಕೀಲರ ಫೋನಿಗೆ ಕಾಯಬೇಕಾಗಿಲ್ಲ. ಎದುರಿನವರು ಪದೇ ಪದೇ ಮುಂದೂಡಿಸಿದರೆ ನಿಮ್ಮ ಬಸ್ಸು ಖರ್ಚು, ಕೂಲಿ ಖರ್ಚು ಕೊಡಿಸಿ ಅಂತ ಕೇಳಲು ವಕೀಲರಿಗೆ ಹೇಳಿ. ಹಿಂದೂ ವಿವಾಹ ಕಾಯ್ದೆಯ 24ನೇ ಕಲಂನಲ್ಲಿ ಕೇಸಿನ ಖರ್ಚನ್ನೂ ಕೇಳಬಹುದು, ಬರೀ ಅನ್ನದ ಖರ್ಚಲ್ಲ. ವಿಡಿಯೊ ಮೂಲಕ ಹಾಜರಾಗಲು ಅನುಮತಿ ಕೇಳಿ. 2017ರಲ್ಲಿ ಸಾಂತಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವೈವಾಹಿಕ ಕೇಸುಗಳಲ್ಲಿ ರಾಜಿ ಪ್ರಯತ್ನ ಮುಗಿಯುವ ಮೊದಲು ವಿಡಿಯೊ ಬೇಡ, ಆಮೇಲೂ ಇಬ್ಬರೂ ಒಪ್ಪಿದರೆ ಮಾತ್ರ ಅಂದಿತ್ತು. ನ್ಯಾಯಮೂರ್ತಿ ಚಂದ್ರಚೂಡ್ ಆಗಲೇ ಭಿನ್ನ ತೀರ್ಪು ಬರೆದಿದ್ದರು. ಹೊಡೆದವನ ಒಪ್ಪಿಗೆ ಇದ್ದರೆ ಮಾತ್ರ ಹೊಡೆಸಿಕೊಂಡವಳು ದೂರದಿಂದ ಮಾತಾಡಬಹುದು ಅನ್ನುವ ಆ ತರ್ಕ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಕೊರೋನ ಬಂದ ಮೇಲೆ ಇಡೀ ದೇಶದ ಕೋರ್ಟೇ ವಿಡಿಯೊದಲ್ಲಿ ನಡೆಯಿತು, ಆಕಾಶ ಬೀಳಲಿಲ್ಲ.

5/6

ದುಡ್ಡು. "ಅವಳಿಗೆ ದುಡ್ಡೇ ಬೇಕಾದ್ದು" ಅಂತ ಊರು ಹೇಳ್ತದೆ. ಹೌದು ಮಾರಾಯ್ರೆ, ಬೇಕು. ಅಕ್ಕಿಗೆ ಬೇಕು.

2020ರ ನವೆಂಬರ್ 4ರ ರಜನೇಶ್ ವಿರುದ್ಧ ನೇಹಾ ತೀರ್ಪು ನೆನಪಿಟ್ಟುಕೊಳ್ಳಿ. ಅದರ ಪ್ರಕಾರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಬೇಕು. ಜೀವನಾಂಶ ಆದೇಶದ ದಿನದಿಂದ ಅಲ್ಲ, ಅರ್ಜಿ ಹಾಕಿದ ದಿನದಿಂದ ಲೆಕ್ಕ. ಅದಕ್ಕೇ ಅರ್ಜಿ ಹಾಕಲು "ದೀಪಾವಳಿ ಕಳೀಲಿ, ತಂಗಿ ಮದುವೆ ಕಳೀಲಿ" ಅಂತ ಕಾಯಬೇಡಿ, ಕಾದ ತಿಂಗಳಿನ ದುಡ್ಡು ಹೋಯ್ತು.

ಅಫಿಡವಿಟ್ ಅಂದ್ರೆ ನಮ್ಮ ಕಡೆ ಒಂದು ತಮಾಷೆ. ಕುಂದಾಪುರ, ಬ್ರಹ್ಮಾವರದ ಎಷ್ಟೋ ಗಂಡಸರದ್ದು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಹೋಟೆಲು. ಗಲ್ಲಾಪೆಟ್ಟಿಗೆ ನಗದಿನದ್ದು, ಸಂಬಳ ಚೀಟಿ ಇಲ್ಲ. ಊರ ಜಾತ್ರೆಗೆ ಕಾರಿನಲ್ಲಿ ಬಂದವನು ಕೋರ್ಟಿನಲ್ಲಿ "ನಾನು ಅಣ್ಣನ ಹೋಟೆಲಲ್ಲಿ ಸಪ್ಲೈಯರ್" ಅಂತ ಬರೆದುಕೊಡ್ತಾನೆ. ಆದರೆ ಅದೇ ಮನುಷ್ಯ ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಹಾಕುವಾಗ ತಿಂಗಳ ಆದಾಯ ಎಷ್ಟು ಬರೆದಿದ್ದಾನೆ? ಆ ದಾಖಲೆ ತರಿಸಿ ಅಂತ ಕೋರ್ಟಿಗೆ ಅರ್ಜಿ ಹಾಕಬಹುದು. ಹೋಟೆಲಿನ ಲೈಸೆನ್ಸ್, ಜಿಎಸ್‌ಟಿ, ಗಾಡಿಯ ಆರ್‌ಸಿ ಯಾರ ಹೆಸರಲ್ಲಿ ಅಂತ ನೋಡಿ. ಅವನ ಇನ್‌ಸ್ಟಾಗ್ರಾಮ್ ಕೂಡ ನೋಡಿ, ಎಷ್ಟೋ ಸಲ ವಕೀಲರಿಗೆ ಸಿಗದ್ದು ರೀಲ್ಸ್‌ನಲ್ಲಿ ಸಿಗ್ತದೆ.

ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಸಾಲದು. ಮೂಲ ಮೆಸೇಜ್ ಇರುವ ಫೋನ್ ಎಸೆಯಬೇಡಿ, ಮಾರಬೇಡಿ. ಈಗಿನ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಜೊತೆಗೆ ಬೇಕು. ಗುಟ್ಟಾಗಿ ರೆಕಾರ್ಡ್ ಮಾಡಿದ ಗಂಡ ಹೆಂಡತಿಯ ಮಾತುಕತೆಯನ್ನೂ ವೈವಾಹಿಕ ಕೇಸಿನಲ್ಲಿ ಸಾಕ್ಷಿಯಾಗಿ ತಗೊಳ್ಳಬಹುದು ಅಂತ 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದ್ರೆ ಅವನೂ ರೆಕಾರ್ಡ್ ಮಾಡ್ತಾನೆ. ಕೆಣಕಿ ಕೆಣಕಿ ಫೋನ್ ಮಾಡಿದರೆ ಬೈಯುವ ಮೊದಲು ಕಟ್ ಮಾಡಿ.

ಹೊಡೆದ ದಿನ ಸರ್ಕಾರಿ ಆಸ್ಪತ್ರೆಗೆ ಹೋದರೆ "ಬಚ್ಚಲಲ್ಲಿ ಜಾರಿ ಬಿದ್ದೆ" ಅಂತ ಹೇಳಬೇಡಿ. ಅವರು ಬರೆದದ್ದೇ ನಾಲ್ಕು ವರ್ಷ ಬಿಟ್ಟು ಕೋರ್ಟಿನಲ್ಲಿ ಓದುವುದು.

ಚಿನ್ನ ನಿಮ್ಮದು. ತವರಿನವರು ಹಾಕಿದ್ದು, ಮದುವೆಯಲ್ಲಿ ಉಡುಗೊರೆ ಬಂದದ್ದು ಸ್ತ್ರೀಧನ. ಅದರ ಮೇಲೆ ಪೂರ್ತಿ ಹಕ್ಕು ಹೆಂಡತಿಯದ್ದು ಅಂತ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಇತ್ಯರ್ಥ ಆಗಿದೆ. ಅವನು ಅಡವಿಟ್ಟಿದ್ದರೂ ನಿಮ್ಮದೇ. ಮದುವೆ ಆಲ್ಬಮ್ಮಿನ ಫೋಟೊ, ಅಂಗಡಿಯ ಬಿಲ್ಲು ಹುಡುಕಿಡಿ.

ಇನ್ನೊಂದು, ಎಷ್ಟೋ ಜನ ಕಳಕೊಳ್ಳುವುದು ಇಲ್ಲೇ. ಮ್ಯಾಜಿಸ್ಟ್ರೇಟರ ಜೀವನಾಂಶ, ಹಿಂದೆ ಸಿಆರ್‌ಪಿಸಿ 125, 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ 144. ಅವನು ಕೊಡದೆ ಇದ್ದರೆ ವಸೂಲಿಗೆ ವಾರಂಟ್ ಕೇಳಬಹುದು, ಬಾಕಿ ಇದ್ದ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಜೈಲಿಗೆ ಹಾಕಬಹುದು. ಆದರೆ ಹಣ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. "ಒಟ್ಟಿಗೆ ಕೊಡ್ತೇನೆ, ಸ್ವಲ್ಪ ಟೈಮ್ ಕೊಡು" ಅಂತ ಹದಿಮೂರು ತಿಂಗಳು ಎಳೆಯುವವನಿಗೆ ಈ ಲೆಕ್ಕ ನಿಮಗಿಂತ ಚೆನ್ನಾಗಿ ಗೊತ್ತಿರ್ತದೆ.

6/6

ಒಂದು ಹಳೇ ಮಾತು ಹೇಳ್ತೇನೆ. ನಮ್ಮ ಕರಾವಳಿಯಲ್ಲಿ ಎಷ್ಟೋ ಜಾತಿಯವರದ್ದು ಅಳಿಯಕಟ್ಟು. ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಮದುವೆ ಆಗಿ ಹೋದ ಮಗಳು ಬೇಡ ಅನ್ನಿಸಿದರೆ ಕುಟುಂಬದ ಮನೆಗೆ ಬಂದು ಇರಬಹುದಿತ್ತು, ಅದು ದಾನ ಅಲ್ಲ, ಅವಳದ್ದೇ ಮನೆ. ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇತ್ತು, ಹೆಣ್ಣಿಗೆ ಸ್ವರ್ಗ ಏನೂ ಅಲ್ಲ. ಆದರೆ ವಾಪಸ್ ಬರಲು ಬಾಗಿಲು ಇತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದವು, ಕುಟುಂಬದ ಆಸ್ತಿಗಳು ಪಾಲಾದವು. ಈಗ ನಾಗನಿಗೆ ತನು ಹಾಕಲು, ದೈವದ ಕೋಲಕ್ಕೆ ಕುಟುಂಬದ ಮನೆ ಉಂಟು. ಮಗಳು ಬ್ಯಾಗ್ ಹಿಡಿದು ಬಂದರೆ ಮಾತ್ರ "ಅಣ್ಣನ ಮದುವೆ ಆಗ್ಲಿಕ್ಕುಂಟು, ಜನ ಎಂತ ಹೇಳ್ತಾರೆ" ಅಂತ ಕೇಳ್ತದೆ. ಹೆಣ್ಣಿನ ಮೂಲಕವೇ ಮನೆ ಬೆಳೆಸಿದ ಊರಿಗೆ ಈ ಮರೆವು ಎಲ್ಲಿಂದ ಬಂತು ಅಂತ ನನಗೆ ಆಶ್ಚರ್ಯ.

ಗಂಡನ ಮನೆಯ ಬಾಗಿಲೂ ಪೂರ್ತಿ ಮುಚ್ಚಿಲ್ಲ. ಮನೆ ಮಾವನ ಹೆಸರಲ್ಲಿದ್ದರೂ ಅಲ್ಲಿ ಸಂಸಾರ ಮಾಡಿದವಳಿಗೆ ವಾಸದ ಹಕ್ಕು ಕೇಳಬಹುದು ಅಂತ 2020ರ ಅಕ್ಟೋಬರ್‌ನಲ್ಲಿ ಸತೀಶ್ ಚಂದರ್ ಅಹುಜಾ ತೀರ್ಪು ಹೇಳಿದೆ. ಅಲ್ಲಿ ಇರುವುದು ಅಪಾಯ ಅಂತಾದರೆ ಬೇರೆ ಬಾಡಿಗೆ ಮನೆ ಮಾಡಿಕೊಡಿ ಅಂತಲೂ ಕೇಳಬಹುದು. ಸೂರಿನ ಹೊಣೆ ತವರಿನವರ ತಲೆ ಮೇಲೆ ಮಾತ್ರ ಬೀಳಬೇಕು ಅಂತ ಎಲ್ಲೂ ಬರೆದಿಲ್ಲ.

ತವರಿನವರು ಓದ್ತಾ ಇದ್ದರೆ ನಿಮಗೂ ಒಂದು ಕೆಲಸ. ತಾರೀಕಿನ ದಿನ ಅವಳ ಜೊತೆ ಒಬ್ಬರು ಹೋಗಿ. ಬುದ್ಧಿ ಹೇಳಲು ಅಲ್ಲ, ಆ ಬೆಂಚಿನಲ್ಲಿ ಅವಳಿಗೂ ಅವನಿಗೂ ನಡುವೆ ಕೂರಲು. ರೇಷನ್ ಕಾರ್ಡ್ ನೋಡಿ. ಅವಳ ಹೆಸರು ಇನ್ನೂ ಗಂಡನ ಮನೆಯ ಕಾರ್ಡಿನಲ್ಲೇ ಇದ್ದರೆ ಅಕ್ಕಿ ಅಲ್ಲೇ. ಗೃಹಲಕ್ಷ್ಮಿಯ ಎರಡು ಸಾವಿರ ಕಾರ್ಡಿನ ಯಜಮಾನಿಗೆ, ಅಂದ್ರೆ ಹೆಚ್ಚಾಗಿ ಅತ್ತೆಗೆ. ಹೆಸರು ತೆಗೆಸಿ ಹಾಕಿಸಲು ಅವನ ಮನೆಯವರು ಸಹಕರಿಸದೆ ಇದ್ದರೆ ಡಿವಿ ಕೇಸಿನ ಆದೇಶದ ಪ್ರತಿ ಇಟ್ಟು ಆಹಾರ ಇಲಾಖೆಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ತಗೊಳ್ಳಿ. ಬ್ಯಾಂಕ್ ಪಾಸ್‌ಬುಕ್, ಆಧಾರ್, ಮಗುವಿನ ಜನನ ಪ್ರಮಾಣಪತ್ರ, ಮದುವೆ ಫೋಟೊ ಇವೆಲ್ಲ ಈಗ ಅವಳ ಕೈಯಲ್ಲಿ ಉಂಟಾ? ಇಲ್ಲ ಅಂತಾದರೆ ಅವನ್ನು ತರಲು ಪೊಲೀಸರ ಜೊತೆ ಹೋಗಲು ಆದೇಶ ಕೇಳಬಹುದು.

ಈ ಭಾನುವಾರ ಪಂಚಾಯ್ತಿ ಇಟ್ಟಿದ್ದಾರೆ ಅಂತ ಬರೆದ ಮೂವರಿಗೆ: ಹೋಗಲೇಬೇಕು ಅಂತಾದರೆ ಒಬ್ಬರೇ ಹೋಗಬೇಡಿ. ಬಾಗಿಲ ಮರೆಯಲ್ಲಿ ನಿಲ್ಲಬೇಡಿ, ಕುರ್ಚಿ ಕೇಳಿ ಕೂರಿ. ಎಂಥ ಕಾಗದ ಕೊಟ್ಟರೂ ಅಲ್ಲೇ ಸಹಿ ಹಾಕಬೇಡಿ, "ವಕೀಲರಿಗೆ ತೋರಿಸಿ ಹಾಕ್ತೇನೆ" ಅಂತ ಹೇಳಿ ಫೋಟೊ ತೆಗೀರಿ. ಸ್ಟ್ಯಾಂಪ್ ಪೇಪರಿನಲ್ಲಿ ಬರೆದ ಬಿಡುಗಡೆಯಿಂದ ಕಾನೂನಿನ ವಿಚ್ಛೇದನ ಆಗುವುದಿಲ್ಲ, ಆದರೆ "ಚಿನ್ನ, ಹಣ ಎಲ್ಲಾ ಮುಟ್ಟಿದೆ" ಅನ್ನುವ ಸಾಲಿಗೆ ಹಾಕಿದ ಸಹಿಯನ್ನು ಆಮೇಲೆ ಅಳಿಸಲು ವರ್ಷಗಟ್ಟಲೆ ಬೇಕು. ಸೋಮವಾರ ಬೆಳಿಗ್ಗೆ 15100ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಿ, ಕುಂದಾಪ್ರ ಕನ್ನಡ ಆದ್ರೂ ಅಕ್ಕ್.

#ಕೊಕ್ಕರ್ಣೆ #ಬ್ರಹ್ಮಾವರ #ಕುಂದಾಪುರ #ಕೌಟುಂಬಿಕದೌರ್ಜನ್ಯ #ಫ್ಯಾಮಿಲಿಕೋರ್ಟ್